ಕಾಡಾನೆ ಎಚ್ಚರಿಕೆಯ ದನಿ: ಮಟ್ಟ, ಮೂಲ, ಆದ್ಯತೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಕಾಡಾನೆಗಳ ಜಾಡನ್ನು ಜನರಿಗೆ ಮುಂಚಿತವಾಗಿ ತಿಳಿಸುವ ಕೆಲಸ ಇಂದು ಎಸ್‌ಎಂಎಸ್, ವಾಟ್ಸ್ಆ್ಯಪ್, ಧ್ವನಿ ಕರೆ, ರಸ್ತೆಬದಿಯ ಫಲಕ ಮತ್ತು ಕೆಂಪು ದೀಪಗಳ ಮೂಲಕ ನಡೆಯುತ್ತಿದೆ. ಅರಣ್ಯ ಇಲಾಖೆಯೊಡನೆ ನೇಚರ್ ಕನ್ಸರ್ವೇಶನ್ ಫೌಂಡೇಶನ್ ರೂಪಿಸಿದ ಈ ಪದ್ಧತಿ, ತಮಿಳುನಾಡಿನ ವಾಲ್ಪಾರೈ ಗುಡ್ಡಗಳಲ್ಲಿ ಮೊದಲು ಪಳಗಿ ಇಲ್ಲಿಗೆ ಬಂದದ್ದು. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಬೇರೆ ಆನೆಗಳು ಬಂದು ನೆಲೆಸಿದ್ದರಿಂದ, ಆನೆಯನ್ನು ದೂರ ಮಾಡುವುದಕ್ಕಿಂತ ಮನುಷ್ಯನನ್ನು ಎಚ್ಚರಿಸುವ ದಾರಿಯೇ ಹೆಚ್ಚು ವಿವೇಕದ್ದೆಂಬುದು ನಿಚ್ಚಳವಾಗಿದೆ. ಓದು ಬಾರದವರಿಗೂ ತಲುಪುವ ಧ್ವನಿ ಕರೆ ಈ ಪದ್ಧತಿಯ ಶ್ರೇಷ್ಠ ಅಂಗ. ಆದರೆ ಮಾರನಹಳ್ಳಿಯಂಥ ಘಾಟಿಯಂಚಿನ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಗುಡ್ಡದ ಮರೆಯಲ್ಲಿ ಕುಗ್ಗುವುದರಿಂದ, ತೋಟದ ಬಂಗಲೆ, ಕಾಫಿ ಕಣ ಮತ್ತು ಕಾರ್ಮಿಕರ ಲೈನ್‌ಮನೆಗಳನ್ನು ಜೋಡಿಸುವ ಜಾಲಬದ್ಧ ಇಂಟರ್‌ಕಾಮ್, ಅಂದರೆ ದನಿಯನ್ನು ಅಂಕಿಗಳ ಪೊಟ್ಟಣಗಳಾಗಿ ಕೇಬಲ್ ಅಥವಾ ವೈಫೈ ಮೇಲೆ ಸಾಗಿಸುವ ಮಾತಿನ ಪೆಟ್ಟಿಗೆಗಳ ಸಮೂಹ, ಅದಕ್ಕೆ ತಕ್ಕ ಪೂರಕವಾಗಬಲ್ಲದು. ಇಂಥ ಸಾಧನದ ಬೆಲೆ ಇರುವುದು ಅದನ್ನು ಕೊಳ್ಳುವುದರಲ್ಲಿ ಅಲ್ಲ, ಅದರ ದನಿಯನ್ನು ಹದಗೊಳಿಸುವುದರಲ್ಲಿ; ನಮ್ಮ ನಾಡಿನಲ್ಲಿ ಧ್ವನಿವರ್ಧಕ ಬಳಸುವ ರೂಢಿ ಕಡೆಗಣಿಸಿರುವುದು ಈ ಹದವನ್ನೇ.

ರೂಢಿಯ ಮೊದಲ ತಪ್ಪು, ಕೇಳಿಸದಿದ್ದರೆ ಗುಂಡಿಯನ್ನು ಪೂರ್ತಿ ತಿರುಗಿಸುವುದು. ಮೈಕ್‌ನಿಂದ ಬರುವ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟ್‌ಗಳಷ್ಟಿದ್ದರೆ, ರೇಡಿಯೊ ಅಥವಾ ಕಂಪ್ಯೂಟರಿನ ಲೈನ್ ಔಟ್‌ನಿಂದ ಬರುವುದು ಅದರ ನೂರಾರು ಪಟ್ಟು. ಎರಡನೆಯದನ್ನು ಮೈಕಿನ ರಂಧ್ರಕ್ಕೆ ಚುಚ್ಚಿದರೆ ಅಲೆಯ ತುದಿಗಳು ಕತ್ತರಿಸಿಹೋಗಿ ಮಾತು ಬಿರುಕು ಬಿಡುತ್ತದೆ, ಮುಂದೆ ಎಷ್ಟು ತಗ್ಗಿಸಿದರೂ ಆ ಬಿರುಕು ಮುಚ್ಚುವುದಿಲ್ಲ. ಆದ್ದರಿಂದ ಒಳಬರುವ ಸಂಕೇತದ ಮಟ್ಟವನ್ನು, ಅಂದರೆ ಗೇನನ್ನು, ಮೊದಲು ಸರಿಪಡಿಸಿ ಹೊರಹೋಗುವ ಗಟ್ಟಿತನವನ್ನು ಆಮೇಲೆ ಮುಟ್ಟಬೇಕು. ತಾನಾಗಿ ಗೇನ್ ಏರಿಸಿ ಇಳಿಸುವ ಸೌಲಭ್ಯ ಬೆಂಗಳೂರಿನ ಕಚೇರಿಯೊಳಗೆ ಉಪಕಾರಿಯಾದರೂ ಆಷಾಢದ ಮಳೆಯಲ್ಲಿ ಅಪಕಾರಿ: ಮಾತಾಡುವವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದು ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನೇ ಮಾತೆಂದು ಬಗೆದು ಮೇಲೆತ್ತುತ್ತದೆ. ಹೆದ್ದಾರಿ 75ರಲ್ಲಿ ಘಾಟಿ ಏರುವ ಲಾರಿಗಳ ಮೊರೆತ ಕೇಳುವಲ್ಲಿಯೂ ಇದೇ ಪಾಡು. ಅಂಥ ಕಡೆ ಆ ಸೌಲಭ್ಯವನ್ನು ನಿಲ್ಲಿಸಿ, ನಿಗದಿತ ಮಟ್ಟಕ್ಕಿಂತ ಕೆಳಗಿನ ಸದ್ದನ್ನು ತಡೆಯುವ ದ್ವಾರವನ್ನು ಹದವಾಗಿ ಇಡುವುದು ಒಳ್ಳೆಯದು.

ಇನ್ನೊಂದು ಆಯ್ಕೆ ಕೋಡೆಕ್, ಎಂದರೆ ದನಿಯನ್ನು ಅಂಕಿಗಿಳಿಸುವ ಕ್ರಮ. 1972ರ ಜಿ.711 ಸೆಕೆಂಡಿಗೆ 8,000 ಮಾದರಿಗಳನ್ನು ತೆಗೆದು ಸುಮಾರು 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಒಯ್ಯುತ್ತದೆ, 1988ರ ಜಿ.722 ಸೆಕೆಂಡಿಗೆ ಅಷ್ಟೇ 64 ಕಿಲೋಬಿಟ್ ಜಾಗದಲ್ಲಿ 7,000 ಹರ್ಟ್ಸ್‌ವರೆಗೆ ಒಯ್ಯುತ್ತದೆ. ಸಕಾರದ ಬಹುಪಾಲು ಕಸುವು 3,400ರ ಮೇಲಿರುವುದರಿಂದ, ಊರಿನ ಹೆಸರೇ ಎಚ್ಚರಿಕೆಯ ತಿರುಳಾಗಿರುವಾಗ ಹಳೆಯ ಕ್ರಮಕ್ಕೆ ಅಂಟಿಕೊಳ್ಳುವುದು ಕಾರಣವಿಲ್ಲದ ಜಿಪುಣತನ.

ಹೊರಗಿನ ಮೂಲಗಳ ವಿಚಾರ ಇದಕ್ಕಿಂತ ಸೂಕ್ಷ್ಮ. ಒಂದೇ ಜಾಲಕ್ಕೆ ತೋಟದ ರೈಟರನ (ಗುಮಾಸ್ತನ) ಮೈಕ್, ಆಕಾಶವಾಣಿಯ ಕಾರ್ಯಕ್ರಮ, ಧ್ವನಿಮುದ್ರಿತ ಸಂದೇಶ ಮತ್ತು ಆನೆಯ ಕೊರಳಪಟ್ಟಿಯ ಉಪಗ್ರಹ ಮಾಹಿತಿ ಆಧರಿಸಿದ ಸೂಚನೆಗಳನ್ನು ತರಬಹುದಾದರೂ, ಯಾವುದು ಯಾವುದನ್ನು ತಡೆಯಬೇಕೆಂಬ ಆದ್ಯತೆಯನ್ನು ಮೊದಲೇ ಬರೆದಿಡದಿದ್ದರೆ ಹಾಡಿನ ಅಡಿಯಲ್ಲಿ ಎಚ್ಚರಿಕೆ ಹೂತುಹೋಗುತ್ತದೆ. ಎಚ್ಚರಿಕೆ ಬಂದಾಗ ಹಾಡು ತಗ್ಗಿದರೆ ಸಾಲದು, ಪೂರ್ತಿ ನಿಲ್ಲಬೇಕು. ಹೀಗಿದ್ದರೂ ಸೂಚನೆಯನ್ನು ಯಂತ್ರವೇ ನೇರವಾಗಿ ಧ್ವನಿವರ್ಧಕದ ಹಾರ್ನಿಗೆ ಕಳಿಸುವ ಏರ್ಪಾಟು ಒಪ್ಪತಕ್ಕದ್ದಲ್ಲ. ಕೊರಳಪಟ್ಟಿ ಹೇಳುವುದು ಒಂದು ಆನೆಯ ಸ್ವಲ್ಪ ಹಿಂದಿನ ಜಾಗವನ್ನು, ಪಟ್ಟಿಯಿಲ್ಲದ ಸಲಗವನ್ನು ಬಲ್ಲವರು ಹೆಜ್ಜೆ, ಲದ್ದಿ ನೋಡಿ ಜಾಡು ಹಿಡಿಯುವ ಸಿಬ್ಬಂದಿ ಮಾತ್ರ. ಮೂಲಗಳನ್ನು ಜೋಡಿಸುವಲ್ಲಿ ಇನ್ನೊಂದು ತೊಡಕೂ ಉಂಟು: ಬೇರೆ ಬೇರೆ ಕಟ್ಟಡಗಳ ವಿದ್ಯುತ್ತಿನಿಂದ ನಡೆಯುವ ಉಪಕರಣಗಳನ್ನು ಜೋಡಿಸಿದಾಗ ಏಳುವ 50 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆಗೆ ನಡುವೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಮದ್ದು.

ಹಾರ್ನುಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ವಿಮರ್ಶೆಗೆ ಸಲ್ಲುವ ಸಂಗತಿ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಒಂದು ಹಾರ್ನಿನ ಬುಡದಲ್ಲಿರುವವನಿಗೆ 170 ಮೀಟರ್ ಆಚೆಯ ಇನ್ನೊಂದರ ಮಾತು ಅರ್ಧ ಸೆಕೆಂಡು ತಡವಾಗಿ ಬಂದು, ಕಣಿವೆಯ ಪ್ರತಿಧ್ವನಿಯೊಡನೆ ಕಲಸಿಹೋಗುತ್ತದೆ. ಗಟ್ಟಿಯಾದ ನಾಲ್ಕು ಹಾರ್ನುಗಳಿಗಿಂತ ಪ್ರತಿ ಲೈನ್‌ಮನೆಯ ಸೂರಿನಡಿ ಒಂದೊಂದು ಮೆತ್ತನೆಯ ಪೆಟ್ಟಿಗೆ ಇಡುವುದು ಲೇಸು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿ, ಸಾರ್ವಜನಿಕ ತುರ್ತಿಗೆ ವಿನಾಯಿತಿ ಕೊಟ್ಟಿರುವುದು ದಿಟ. ಆದರೆ ವಿನಾಯಿತಿ ಇದೆಯೆಂದು ಬೊಬ್ಬೆ ಹಾಕಿದರೆ, ಹಿಂಡು ಬೆಚ್ಚಿ ಜನರಿರುವ ದಿಕ್ಕಿಗೇ ತಿರುಗಬಹುದು. ಎಚ್ಚರಿಕೆ ಇರುವುದು ಮನುಷ್ಯನಿಗೆ, ಆನೆಗಲ್ಲ.

ತೋಟಗಳಲ್ಲಿ ಈಗ ಅಸ್ಸಾಂನಿಂದ ಬಂದ ಕಾರ್ಮಿಕರೂ ದುಡಿಯುತ್ತಿರುವುದರಿಂದ ಧ್ವನಿಮುದ್ರಿತ ಸಂದೇಶ ಕನ್ನಡವೊಂದರಲ್ಲೇ ಇದ್ದರೆ ಸಾಲದು. ಪ್ರತಿ ಭಾಷೆಯಲ್ಲೂ ಜಾಗದ ಹೆಸರು ಮೊದಲು ಬಂದು, ಎರಡು ಸಲ ಕೇಳಿಸಿ, ಆಮೇಲೆ ಆನೆಯ ಮಾತು ಬರಬೇಕು. ಮಟ್ಟಗಳನ್ನೆಲ್ಲ ಬಿಸಿಲಿನ ಮಧ್ಯಾಹ್ನ ಬಂಗಲೆಯ ಜಗಲಿಯಲ್ಲಿ ಕುಳಿತು ಗೊತ್ತುಮಾಡದೆ, ಜುಲೈ ತಿಂಗಳ ಮಳೆಯ ರಾತ್ರಿ, ಬಾಗಿಲು ಹಾಕಿದ ಲೈನ್‌ಮನೆಯೊಳಗೆ, ಒಲೆಯ ಮುಂದೆ ಕುಳಿತವರ ಕಿವಿಗೆ ಹೊಂದಿಸಿ ಗೊತ್ತುಮಾಡಬೇಕು.