ಮಾಡು ಯಾರಿಗೆ, ಪನಿ ಯಾರಿಗೆ?

ಕರಾವಳಿಯ ಮಳೆ ಬಗ್ಗೆ ಕನ್ನಡದಲ್ಲಿ ಕವಿತೆಗೆ ಬರ ಇಲ್ಲ. ಹಂಚಿನ ಮಾಡು, ಅಡಿಕೆ ತೋಟ, ಕೆಂಡದಲ್ಲಿ ಸುಟ್ಟ ಹಪ್ಪಳ. ತೊಕ್ಕೊಟ್ಟಿನ ನಾವು ಕೇಳುವುದು ಇಷ್ಟೇ: ಈ ಮಳೆಯನ್ನು ಎಲ್ಲಿ ಕೂತು ನೋಡಿದ್ದು? ಜಗಲಿಯಲ್ಲಿ. ಮಳೆ ಎಲ್ಲರ ಮೇಲೂ ಸಮ ಬೀಳ್ತದೆ ಅನ್ನುವುದು ಜಗಲಿಯವರ ಮಾತು.

ತುಳುವಿನಲ್ಲಿ ಪನಿಕುಲ್ಲುನಿ ಎಂಬ ಪದ ಉಂಟು. ಇಬ್ಬನಿಯಲ್ಲಿ ಕೂರುವುದು. ಕಂಬಳದ ಹಿಂದಿನ ರಾತ್ರಿ ಕೊರಗರು ಬಯಲಿನಲ್ಲಿ ಕೂತು ಡೋಲು ಬಡಿದು ಬೆಳಗು ಮಾಡಬೇಕಿತ್ತು. ಕೋಣಕ್ಕಿಂತ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸುತ್ತಿದ್ದರು. ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಇದರ ಹೆಸರು ಅಜಲು. ಇದನ್ನು ನಿಷೇಧಿಸಿ ಕರ್ನಾಟಕ ಕಾನೂನು ಮಾಡಿದ್ದು 2000ದಲ್ಲಿ. ಕೋಣದ ಓಟ ಹೊಗಳಿದ ಬರಹ ರಾಶಿ ಬಿದ್ದಿದೆ. ಇಬ್ಬನಿಯಲ್ಲಿ ನೆನೆದ ಬೆನ್ನಿನ ಬರಹ ಎಲ್ಲಿ?

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಜಗಲಿ ಇಳಿದ ಕಾದಂಬರಿ. ಚೋಮನ ಮಗನೊಬ್ಬ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ, ಹೊಲೆಯನನ್ನು ಮುಟ್ಟುವ ಕೈ ಇಲ್ಲ. ಕೊಂದದ್ದು ನೀರಲ್ಲ, ಚಾಚದ ಕೈ. ಇದನ್ನು ಕಂಡ ಕಾರಂತರಿಗೆ ನಾವು ಋಣಿಗಳು. ಆದರೂ ನಮ್ಮದೊಂದು ತಕರಾರು ಉಂಟು. ಕೊನೆಗೆ ಚೋಮ ಬಾಗಿಲು ಮುಚ್ಚಿ, ದುಡಿ ಬಡಿದು ಬಡಿದು ಸಾಯುತ್ತಾನೆ. ಓದುಗ ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚುತ್ತಾನೆ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಚೋಮ ಕೇಳಿದ್ದು ಕಮಲವಲ್ಲ, ಉಳುವುದಕ್ಕೆ ತುಂಡು ಭೂಮಿ. ಕನಿಕರಕ್ಕೆ ಬಹುಮಾನ ಸಿಗ್ತದೆ, ಭೂಮಿ ಸಿಗುವುದಿಲ್ಲ. ಬಾಗಿಲು ತೆರೆದು ಆ ದುಡಿ ಬೀದಿಗೆ ಬಂದಿದ್ದರೆ? ಆ ಅಧ್ಯಾಯ ಬರೆಯಬೇಕಾದವರು ನಾವು.

ತೊಕ್ಕೊಟ್ಟಿನಿಂದ ಪಡುವಣಕ್ಕೆ ಹೋದರೆ ಉಳ್ಳಾಲದ ಕಡಲು. ಮಳೆಗಾಲದಲ್ಲಿ ಅದು ದಡ ಕೊರೆದು ತೆಂಗು, ರಸ್ತೆ, ಬಡವರ ಮನೆ ನುಂಗುತ್ತದೆ. ಪೇಪರಿನವರು ಪ್ರಕೃತಿ ವಿಕೋಪ ಅಂತ ಬರೀತಾರೆ. ಪ್ರಕೃತಿ ಮೇಲೆ ಕೇಸು ಹಾಕ್ಲಿಕ್ಕೆ ಆಗುವುದಿಲ್ಲ. ಅಜಲನ್ನೂ ಹೀಗೇ ಸಂಪ್ರದಾಯ ಅಂದರು. ಸಂಪ್ರದಾಯದ ಮೇಲೂ ಕೇಸಿಲ್ಲ. ಎರಡೂ ಮನುಷ್ಯ ಮಾಡಿದ್ದನ್ನು ಮುಚ್ಚುವ ಪದಗಳು. ಕಡಲು ಕೊರೆಯುವುದು ಹೌದು. ಕೊರೆಯುವ ಅಂಚಿಗೆ ಬಡವನನ್ನು ನೂಕಿದ್ದು ಕಡಲಲ್ಲ. ಇಬ್ಬನಿ ಬೀಳುವುದು ಹೌದು. ಅದರಡಿ ಕೊರಗನನ್ನು ಕೂರಿಸಿದ್ದು ಆಕಾಶವಲ್ಲ.

ಗೆಳೆಯರೇ, ಊರಿನ ಮೇಷ್ಟ್ರುಗಳೇ, ಇನ್ನು ಮಳೆಯ ಪದ್ಯ ಪಾಠ ಮಾಡುವಾಗ ಮಕ್ಕಳ ಹತ್ತಿರ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ: ಈ ಪದ್ಯದಲ್ಲಿ ಮಾಡಿನ ಕೆಳಗೆ ಇರುವವರು ಯಾರು, ಹೊರಗೆ ನಿಂತವರು ಯಾರು? ಹೊರಗೆ ನಿಂತವರ ಮಕ್ಕಳೂ ಈಗ ನಿಮ್ಮ ಕ್ಲಾಸಿನಲ್ಲಿ ಇದ್ದಾರೆ. ಉತ್ತರ ಅವರಿಗೆ ಗೊತ್ತುಂಟು.