ನಾರಾಯಣೀಯವೂ ನೂರೊಂದನೆಯ ದಿನವೂ

ಕಾವ್ಯದಿಂದ ಪ್ರಯೋಜನವೇನು ಎಂಬ ಪ್ರಶ್ನೆಗೆ ನಮ್ಮ ಪ್ರಾಚೀನ ಲಾಕ್ಷಣಿಕರು ಕೊಟ್ಟ ಉತ್ತರಗಳಲ್ಲಿ ಮಮ್ಮಟನದು ಪ್ರಸಿದ್ಧವಾದುದು. ಕೀರ್ತಿ, ಧನ, ಲೋಕವ್ಯವಹಾರದ ಅರಿವು ಮೊದಲಾದವುಗಳ ಜೊತೆಯಲ್ಲಿ ಆತನು ‘ಶಿವೇತರಕ್ಷತಿ’ ಎಂಬುದನ್ನೂ ಎಣಿಸುತ್ತಾನೆ. ಮಂಗಳವಲ್ಲದುದು ನಾಶವಾಗುವುದು ಎಂದು ಇದರ ಅರ್ಥ. ನಿದರ್ಶನಕ್ಕಾಗಿ ಮಯೂರ ಕವಿಯ ಹೆಸರನ್ನು ಹೇಳುತ್ತಾನೆ. ಸೂರ್ಯಶತಕವನ್ನು ರಚಿಸಿ ಆ ಕವಿಯು ಕುಷ್ಠದಿಂದ ಪಾರಾದನೆಂದು ಐತಿಹ್ಯ. ತರಬೇತಿ ಶಾಲೆಯಲ್ಲಿದ್ದಾಗ ಇದನ್ನು ನಾವು ಬಾಯಿಪಾಠ ಮಾಡಿದ್ದೆವು. ಅದರ ಅರ್ಥವನ್ನು ಕುರಿತು ಯೋಚಿಸಬೇಕಾಗಿ ಬಂದುದು ಮಾತ್ರ ಈಚೆಗೆ, ನಮ್ಮ ತರಗತಿಯ ಹುಡುಗನೊಬ್ಬನ ಮನೆಯ ಜಗಲಿಯಲ್ಲಿ.

ಕಾಸರಗೋಡಿನ ಈ ಸೀಮೆಯಲ್ಲಿ ಮಳೆಗಾಲವೆಂದರೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕಾಲ. ಆ ಹುಡುಗನ ತಂದೆ ಮದ್ದು ಬಿಡಲು ಮರವೇರಿದವರು ಜಾರಿ ಬಿದ್ದರು, ಬೆನ್ನೆಲುಬು ಮುರಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಮನೆಯವರು ಗುರುವಾಯೂರಪ್ಪನನ್ನು ನೆನೆದು, ದೀಪ ಹೊತ್ತಿಸುವ ಹೊತ್ತಿಗೆ ದಿನಕ್ಕೊಂದು ದಶಕದಂತೆ ನಾರಾಯಣೀಯವನ್ನು ಓದತೊಡಗಿದರು. ತಾಯಿ ಓದಿದರೆ ಮಗ ಕೇಳುವನು. ಮಗ ಓದಿದರೆ ತಾಯಿ ಕೇಳುವರು. ತಂದೆ ಮಲಗಿದಲ್ಲಿಂದಲೇ ಕೈಮುಗಿಯುವರು.

ಈ ಗ್ರಂಥವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಇದರ ಕರ್ತೃವಾದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯು ವಾತರೋಗದಿಂದ ಅಂಗಗಳ ಸ್ವಾಧೀನ ತಪ್ಪಿ ಗುರುವಾಯೂರಿನ ಸನ್ನಿಧಿಗೆ ಬಂದವನು. ಭಾಗವತದ ಕಥೆಯನ್ನು ನೂರು ದಶಕಗಳಲ್ಲಿ, ಸಾವಿರಕ್ಕೆ ಮಿಕ್ಕ ಶ್ಲೋಕಗಳಲ್ಲಿ ಸಂಗ್ರಹಿಸಿ, ನೂರು ದಿನಗಳಲ್ಲಿ ದೇವರಿಗೆ ನಿವೇದಿಸಿ ಗುಣಹೊಂದಿದನೆಂದು ಸಂಪ್ರದಾಯ ಹೇಳುತ್ತದೆ. ಕಥೆಯುದ್ದಕ್ಕೂ ಆತನು ಎದುರಿಗಿರುವ ಮೂರ್ತಿಯನ್ನು ‘ನೀನು’ ಎಂದೇ ಸಂಬೋಧಿಸುತ್ತಾನೆ. ಹೆಚ್ಚಿನ ದಶಕಗಳು ರೋಗವನ್ನು ನೀಗೆಂಬ ಮೊರೆಯಲ್ಲಿಯೇ ಮುಗಿಯುತ್ತವೆ. ದೇವರನ್ನು ಆತನು ಕರೆಯುವ ಹೆಸರುಗಳನ್ನೂ ಗಮನಿಸಬೇಕು. ವಾತಾಲಯ, ಪವನಪುರ, ಮರುದ್ಗೇಹ, ಎಲ್ಲವೂ ವಾಯುವಿನ ಊರನ್ನೇ ಹೇಳುತ್ತವೆ. ತನ್ನನ್ನು ಕೆಡವಿದ ವಾತಕ್ಕೂ ತನ್ನನ್ನು ಎತ್ತಬೇಕಾದ ದೇವರ ಮನೆಗೂ ಒಂದೇ ಹೆಸರೆಂಬುದು ಕವಿಗೆ ತಿಳಿಯದಿರಲಿಲ್ಲ.

ನೂರನೆಯ ದಿನ ಬಂದಿತು. ತಂದೆಯ ಕಾಲುಗಳು ಅಲುಗಲಿಲ್ಲ. ಪಾಠವನ್ನು ಕೇಳಲು ಬಂದಿದ್ದ ನೆಂಟರೊಬ್ಬರು, “ಎಲ್ಲಿಯೋ ಭಕ್ತಿ ಸಾಲದಾಯಿತು” ಎಂದು ನುಡಿದು ಹೋದರು. ಮರುದಿನ ಶಾಲೆಯಲ್ಲಿ ಆ ಹುಡುಗನು ನಮ್ಮ ಬಳಿಗೆ ಬಂದು, “ಮಾಷ್ಟ್ರೇ, ನಾನು ಓದುವಾಗ ಎಷ್ಟೋ ಕಡೆ ತಪ್ಪಿದ್ದೇನೆ. ಅದಕ್ಕೇ ಅಪ್ಪ ಏಳಲಿಲ್ಲವೋ?” ಎಂದು ಕೇಳಿದನು. ಹನ್ನೊಂದು ವರ್ಷದ ಬಾಲಕನು ತಂದೆಯ ಕಾಲುಗಳ ಭಾರವನ್ನು ತನ್ನ ಉಚ್ಚಾರಣೆಯ ಮೇಲೆ ಹೊತ್ತುಕೊಂಡಿದ್ದನು. ಆ ಸಂಜೆ ನಾವು ನಾರಾಯಣೀಯವನ್ನು ತೆರೆದು ಕುಳಿತೆವು. ಕಾವ್ಯವು ನಿಜವಾಗಿ ಏನನ್ನು ಹೇಳುತ್ತದೆಯೆಂದು ತಿಳಿಯದೆ ಉತ್ತರ ಕೊಡುವ ಹಕ್ಕು ನಮಗಿರಲಿಲ್ಲ.

ನಮಗೆ ಉತ್ತರ ದೊರೆತುದು ಮೂರನೆಯ ದಶಕದಲ್ಲಿ. ಅಲ್ಲಿ ಕವಿಯು ದೇವರೊಡನೆ ಜಗಳಕ್ಕೇ ನಿಲ್ಲುತ್ತಾನೆ. ನಿನಗೆ ಬೆನ್ನು ತಿರುಗಿಸಿದವರೂ ಸುಖವಾಗಿರುವರು, ನಿನ್ನಲ್ಲಿ ಪ್ರೀತಿಯಿಟ್ಟ ನಾನು ಬೇಯುತ್ತಿರುವೆನು, ಇದೇನು ನ್ಯಾಯ? ನಿನಗೆ ಅಪಕೀರ್ತಿ ಬಾರದಿರಲಿ ಎಂಬುದು ಅವನ ವಾದದ ತಾತ್ಪರ್ಯ. ಭಕ್ತನಿಗೆ ರೋಗ ಬಂದುದು ಭಕ್ತಿ ಸಾಲದೆಂದಲ್ಲ. ಭಕ್ತಿಯಿದ್ದೂ ರೋಗ ಬರುತ್ತದೆ ಎಂಬ ಕಹಿಯನ್ನು ಕವಿಯೇ ಮುಚ್ಚುಮರೆಯಿಲ್ಲದೆ ನುಡಿದಿದ್ದಾನೆ. ನೆಂಟರ ತೀರ್ಪಿಗೆ ಈ ಗ್ರಂಥದಲ್ಲಿ ಆಧಾರವಿಲ್ಲ. ಅದೇ ದಶಕದ ಕೊನೆಯಲ್ಲಿ ಆತನು ತಟ್ಟನೆ ಸ್ವರವನ್ನು ತಗ್ಗಿಸುತ್ತಾನೆ. ಹೆಚ್ಚು ಮಾತೇಕೆ? ನಿನ್ನ ಕರುಣೆ ಉದಯಿಸುವವರೆಗೆ ಗೋಳಾಟವನ್ನು ಬದಿಗಿಟ್ಟು, ನಿನ್ನ ಪಾದದ ಮುಂದೆ ನಮಿಸುತ್ತ, ಸ್ತುತಿಸುತ್ತ, ಸೇವಿಸುತ್ತ ಶಕ್ತಿಯಿದ್ದಷ್ಟು ಮಟ್ಟಿಗೆ ದಿನಗಳನ್ನು ಕಳೆಯುವೆನು ಎನ್ನುತ್ತಾನೆ. ‘ಯಥಾಶಕ್ತಿ’ ಎಂಬುದು ಕವಿಯದೇ ಪದ. ಎಷ್ಟು ದಿನ ಎಂದು ಆತನು ಇಲ್ಲಿ ಎಣಿಸುವುದಿಲ್ಲ. ನೂರರ ಲೆಕ್ಕವು ಬರೆದು ಮುಗಿದ ಮೇಲೆ ಕಂಡುದು. ಬರೆಯುತ್ತಿದ್ದವನ ಮುಂದೆ ಇದ್ದುದು ಆ ದಿನ ಮಾತ್ರ.

ಇದಕ್ಕೆ ಆಕ್ಷೇಪವೊಂದುಂಟು. ಗ್ರಂಥದ ಕಟ್ಟಕಡೆಯ ಪದವು ‘ಆಯುರಾರೋಗ್ಯಸೌಖ್ಯಂ’ ಎಂದಿದೆ. ಹಾಗಿದ್ದ ಮೇಲೆ ಓದಿದವರಿಗೆ ಆರೋಗ್ಯವು ಬಂದೇ ಬರಬೇಕಲ್ಲವೇ? ಈ ಪದಕ್ಕೆ ಎರಡು ಕೆಲಸಗಳಿವೆ. ಮೊದಲನೆಯದು ಕಾಲಸೂಚನೆ. ಕಟಪಯಾದಿ ಕ್ರಮದಲ್ಲಿ ಸ್ವರಕ್ಕೆ ಸೊನ್ನೆ, ಯಕಾರಕ್ಕೆ 1, ರಕಾರಕ್ಕೆ 2, ಸಕಾರಕ್ಕೆ 7. ಒತ್ತಕ್ಷರದಲ್ಲಿ ಕೊನೆಯ ವ್ಯಂಜನವೇ ಲೆಕ್ಕಕ್ಕೆ. ಬಲದಿಂದ ಎಡಕ್ಕೆ ಓದಿದರೆ 17,12,210 ಎಂಬ ಕಲಿದಿನ ಸಂಖ್ಯೆ ಬರುತ್ತದೆ. ಅದನ್ನು 365¼ರಿಂದ ಭಾಗಿಸಿ, ಕ್ರಿ.ಪೂ. 3102ರ ಫೆಬ್ರವರಿಯಿಂದ ಎಣಿಸಿದರೆ ಕ್ರಿ.ಶ. 1586ರ ನವೆಂಬರ್ ತಿಂಗಳ ಕೊನೆಗೆ ಬಂದು ನಿಲ್ಲುತ್ತೇವೆ. ಮೇಲಿನ ತರಗತಿಗಳ ಮಕ್ಕಳಿಂದ ಈ ಲೆಕ್ಕವನ್ನು ಮಾಡಿಸಬಹುದು. ಎರಡನೆಯದು ಹಾರೈಕೆ. ಅಲ್ಲಿರುವ ಕ್ರಿಯಾಪದದ ಅರ್ಥ ‘ಉಂಟುಮಾಡಲಿ’ ಎಂದೇ ಹೊರತು ‘ಉಂಟುಮಾಡುವುದು’ ಎಂದಲ್ಲ. ಪ್ರಕ್ರಿಯಾಸರ್ವಸ್ವವೆಂಬ ವ್ಯಾಕರಣ ಗ್ರಂಥವನ್ನು ಬರೆದ ಮೇಲ್ಪತ್ತೂರಿಗೆ ಆಶೀರ್ವಾದಕ್ಕೂ ಭವಿಷ್ಯತ್ಕಾಲಕ್ಕೂ ಇರುವ ಭೇದವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಾರೈಕೆಯನ್ನು ಕರಾರುಪತ್ರವಾಗಿ ಓದಿದುದು ನಮ್ಮ ತಪ್ಪು.

ಗುಣದ ಜೊತೆಯಲ್ಲಿ ದೋಷವನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣ. ಹದಿನೆಂಟು ಸಾವಿರವೆಂದು ಪ್ರಸಿದ್ಧವಾದ ಭಾಗವತದ ಶ್ಲೋಕರಾಶಿಯನ್ನು ಸಾವಿರಕ್ಕಿಳಿಸುವಾಗ ಕವಿಯು ಸಮಾಸಗಳನ್ನು ಬಿಗಿಯಾಗಿ ಹೆಣೆದಿದ್ದಾನೆ. ಸಂಸ್ಕೃತವನ್ನು ಓದದ ಮನೆಗಳಲ್ಲಿ ನಾದ ಉಳಿಯುತ್ತದೆ, ಅರ್ಥ ಜಾರುತ್ತದೆ. ಅರ್ಥ ಜಾರಿದಲ್ಲಿ ದಿನದ ಎಣಿಕೆಯೊಂದೇ ಕೈಯಲ್ಲಿ ಉಳಿಯುವುದು ಸಹಜ. ಮೂರನೆಯ ದಶಕದ ತಾತ್ಪರ್ಯವನ್ನು ನಾವು ಕನ್ನಡದಲ್ಲಿ ಮೊದಲೇ ಹೇಳಿಕೊಟ್ಟಿದ್ದರೆ ಆ ಬಾಲಕನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಇದರಲ್ಲಿ ಅಧ್ಯಾಪಕರಾದ ನಮ್ಮ ಪಾಲೂ ಇದೆ.

ಇನ್ನು ಐತಿಹ್ಯದ ಮಾತು. ಮೇಲ್ಪತ್ತೂರಿನ ರೋಗವು ಮೂಲತಃ ಅವನದಲ್ಲವೆಂದೂ, ಗುರುವಾದ ತೃಕ್ಕಂಡಿಯೂರು ಅಚ್ಯುತ ಪಿಷಾರಡಿಯ ವಾತವನ್ನು ಗುರುದಕ್ಷಿಣೆಯಾಗಿ ತನ್ನ ಮೈಗೆ ಎಳೆದುಕೊಂಡನೆಂದೂ ಜನ ಹೇಳುತ್ತಾರೆ. ಹಾಗೆ ರೋಗವನ್ನು ಎಳೆದುಕೊಳ್ಳುವುದು ನಮ್ಮಂಥವರಿಗೆ ಸಾಧ್ಯವಿಲ್ಲ. ಬೆನ್ನುಹುರಿಯು ಪೂರ್ತಿಯಾಗಿ ತುಂಡಾದರೆ ಅದನ್ನು ಮತ್ತೆ ಕೂಡಿಸುವ ಔಷಧವು ಇಂದಿಗೂ ಇಲ್ಲ. ಆದರೆ ರೋಗದ ಕೆಲಸದಲ್ಲಿ ಪಾಲು ತೆಗೆದುಕೊಳ್ಳಬಹುದು. ಕಾಲಿನ ಅರಿವು ಹೋದವರಿಗೆ ಒತ್ತಿದ ನೋವು ತಿಳಿಯದು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಮೈ ಹುಣ್ಣಾಗುತ್ತದೆ. ಆದುದರಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯಲ್ಲಿಯೂ. ಆ ಮನೆಯಲ್ಲಿ ಮುನ್ನಿರುಳಿನ ಸರದಿ ಮಗನದು, ಅಲ್ಲಿಂದ ಮುಂದಿನದು ತಾಯಿಯದು. ನೂರು ದಿನ ಇದು ಒಮ್ಮೆಯೂ ತಪ್ಪಲಿಲ್ಲ. ತಂದೆಯ ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಗುರುಶಿಷ್ಯರ ಕಥೆಯನ್ನು ನಾವು ನಂಬುವುದಾದರೆ ಅದರ ಸತ್ಯವು ಈ ಸರದಿಯಲ್ಲಿದೆ.

ನಾವು ಮನೆಗೆ ಹೋಗಿ ಹುಡುಗನಿಗೆ ಇಷ್ಟನ್ನೂ ಅವನ ಮಟ್ಟಕ್ಕೆ ಇಳಿಸಿ ಹೇಳಿದೆವು. ಅವನ ತಂದೆ ಮಲಗಿದಲ್ಲಿಂದಲೇ ಕೇಳುತ್ತಿದ್ದರು. “ಮಾಷ್ಟ್ರೇ, ಆ ಮೂರನೆಯ ದಶಕದ ಅರ್ಥವನ್ನು ಇನ್ನೊಮ್ಮೆ ಹೇಳಿ” ಎಂದರು. ಹೇಳಿದೆವು. ತಾಯಿ ಏನೂ ಮಾತನಾಡದೆ ದೀಪ ಹೊತ್ತಿಸಿ ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿದರು. ಅದು ನೂರೊಂದನೆಯ ದಿನ.

ಈಗ ಅವರು ತೋಳಿನ ಬಲದಿಂದ ಎದ್ದು ಕುಳಿತು ಗಾಲಿಕುರ್ಚಿಗೆ ತಾವಾಗಿಯೇ ಜರುಗುತ್ತಾರೆ. ಜಗಲಿಯಲ್ಲಿ ಅಡಿಕೆಯ ರಾಶಿಯ ಬಳಿ ಕುಳಿತು ಪಟೋರವನ್ನೂ ಕೋಕವನ್ನೂ ಬೇರೆ ಬೇರೆ ಮಾಡುತ್ತಾರೆ. ಕಾಲಿಗೆ ಬಲ ಬಂದಿಲ್ಲ. ಮಮ್ಮಟನು ಹೇಳಿದ ಶಿವೇತರದಲ್ಲಿ ಆ ಮನೆಯಿಂದ ಅಳಿದುದು ಯಾವುದು ಎಂದು ಯಾರಾದರೂ ಕೇಳಿದರೆ, ತನ್ನ ತಪ್ಪಿನಿಂದ ಅಪ್ಪ ಏಳಲಿಲ್ಲವೆಂಬ ಆ ಬಾಲಕನ ಭಯ ಎಂದು ನಾವು ಉತ್ತರ ಕೊಡುವೆವು. ಒಂದು ಕಾವ್ಯಕ್ಕೆ ಇಷ್ಟು ಪ್ರಯೋಜನ ಸಾಕು. ಓದುವಾಗ ಅವನು ಈಗಲೂ ಅಲ್ಲಲ್ಲಿ ತಪ್ಪುತ್ತಾನೆ; ತಂದೆಯೇ ತಿದ್ದುತ್ತಾರೆ.