ಇಲಿಗೆ ಯಾವ ಕೊರತೆ?

ಮಕ್ಕಳ ಓದಿನ ಬಗ್ಗೆ ಎಲ್ಲಿ ಗೋಷ್ಠಿ ನಡೆದರೂ ಒಂದು ತೀರ್ಪು ತಪ್ಪದೆ ಕಿವಿಗೆ ಬೀಳುತ್ತದೆ: ಸೂಪರ್‌ಹೀರೋ ನಮಗೆ ಹತ್ತಿರವಾಗುವುದು ಬಲದಿಂದಲ್ಲ, ದೌರ್ಬಲ್ಯದಿಂದ. ಸಾಕ್ಷಿಗೆ ಸ್ಪೈಡರ್‌ಮ್ಯಾನ್‌ನನ್ನು ಕಟಕಟೆಗೆ ತಂದು ನಿಲ್ಲಿಸುತ್ತಾರೆ. ಕೈಯಲ್ಲಿ ಕಾಸಿಲ್ಲದ ಹುಡುಗ, ದೊಡ್ಡಪ್ಪನ ಸಾವಿಗೆ ತಾನೇ ಕಾರಣನೆಂದು ಕೊರಗುವವನು. ಅದಕ್ಕೊಂದು ಬಾಲಂಗೋಚಿಯೂ ಉಂಟು: ನಮ್ಮ ವೀರರಿಗೆ ಕೊರತೆಯೇ ಇಲ್ಲ, ಆದ್ದರಿಂದಲೇ ಕನ್ನಡದ ಮಕ್ಕಳಿಗೆ ಸೂಪರ್‌ಹೀರೋ ದಕ್ಕಲಿಲ್ಲ. ಚಪ್ಪಾಳೆ, ಆಮೇಲೆ ಚಹಾ. ಆ ಚಹಾ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಯಾಕೆಂದರೆ ನಾನು ಡಿಂಗನ ಪಕ್ಷದವನು.

‘ಬಾಲಮಂಗಳ’ ಓದಿದವರಿಗೆ ಡಿಂಗ ಯಾರೆಂದು ಹೇಳಬೇಕಿಲ್ಲ. ಓದದವರ ಜೊತೆ ಇವತ್ತು ನನಗೆ ಕೆಲಸವಿಲ್ಲ. ನಮ್ಮ ರಾಜೂರಿಗೆ ಆ ಪತ್ರಿಕೆ ಬರುತ್ತಿದ್ದದ್ದು ಗಜೇಂದ್ರಗಡಕ್ಕೆ ಹೋಗಿಬರುವವರ ಕೈಚೀಲದಲ್ಲಿ, ಉಳ್ಳಾಗಡ್ಡಿ ಬಳ್ಳೊಳ್ಳಿಯ ನಡುವೆ. ಒಂದು ಸಂಚಿಕೆ ಇಡೀ ಓಣಿ ಸುತ್ತಿ, ಹೊದಿಕೆ ಕಳಕೊಂಡು, ಎಣ್ಣೆ ಕಲೆ ಹೊತ್ತು ನನ್ನ ಪಾಳಿಗೆ ಬರುವಷ್ಟರಲ್ಲಿ ಕಥೆ ಎಲ್ಲರ ಬಾಯಲ್ಲೂ ಇರುತ್ತಿತ್ತು. ಆದರೂ ಓದುತ್ತಿದ್ದೆವು. ಅಜ್ಜಿ ಬೈಯುತ್ತಿದ್ದಳು: “ಇಲಿ ಕತಿ ಏನ್ ಓದತೀಯೋ ತಮ್ಮಾ, ಅವು ಒಳಗ ಜ್ವಾಳದ ಚೀಲ ತೂತ ಮಾಡ್ಯಾವ, ಹೋಗಿ ಹೊಡಿ!” ಅವಳ ಸಿಟ್ಟು ಸುಳ್ಳಲ್ಲ. ಮಳೆ ನಂಬಿ ಬಿತ್ತುವ ಎರೆನೆಲದ ಮನೆಯಲ್ಲಿ ಇಲಿ ಎಂದರೆ ವೈರಿ. ಅಂಥ ವೈರಿಯೇ ವೀರನಾಗಿ ಹಾರಿಬಂದರೂ ನಮಗದು ವಿಚಿತ್ರ ಅನ್ನಿಸಿರಲಿಲ್ಲ.

ಅವನಲ್ಲಿ ಏನು ಕಂಡೆವು? ಬೇರೆ ಗ್ರಹದವರು ಎತ್ತಿಕೊಂಡು ಹೋಗಿ ಏನೇನೋ ಪ್ರಯೋಗ ಮಾಡಿದ್ದರಿಂದ ಶಕ್ತಿ ಪಡೆದ ಇಲಿ ಅವನು. ಕಾಡಿನಲ್ಲಿ ಯಾರಿಗೋ ಕಷ್ಟ ಬರುತ್ತದೆ, ಡಿಂಗ ಬರುತ್ತಾನೆ, ದುಷ್ಟನಿಗೆ ಪೆಟ್ಟು ಬೀಳುತ್ತದೆ. ಅಷ್ಟೇ. ಅಪರಾಧಪ್ರಜ್ಞೆ ಇಲ್ಲ, ಒಳಗುದಿ ಇಲ್ಲ, ಮುರಿದ ಪ್ರೇಮವಿಲ್ಲ. ವಿಮರ್ಶಕರ ತಕ್ಕಡಿಯಲ್ಲಿ ತೂಗಿದರೆ ಡಿಂಗ ಸೊನ್ನೆ. ಹಾಗಿದ್ದರೆ ತಪ್ಪಿರುವುದು ತಕ್ಕಡಿಯಲ್ಲೇ ಎಂಬುದು ನನ್ನ ವಾದ.

ಬೇಕಿದ್ದರೆ ಅವರ ದೇವರನ್ನೇ ಕೇಳೋಣ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ವಲಸಿಗ ಯಹೂದಿ ಮನೆಗಳ ಇಬ್ಬರು ಹುಡುಗರು ಸೂಪರ್‌ಮ್ಯಾನ್‌ನನ್ನು ಅಚ್ಚಿಗೆ ತಂದಾಗ ಅವನ ದೌರ್ಬಲ್ಯವೆಂದು ಎಲ್ಲರೂ ಬೆರಳು ತೋರಿಸುವ ಕ್ರಿಪ್ಟೊನೈಟ್ ಹುಟ್ಟಿಯೇ ಇರಲಿಲ್ಲ. ಅದು ಬಂದದ್ದು 1943ರಲ್ಲಿ, ರೇಡಿಯೊ ನಾಟಕದಲ್ಲಿ. ಕಾಮಿಕ್ಸಿನ ಪುಟಕ್ಕೆ ಇಳಿದದ್ದು 1949ರಲ್ಲಿ. ಅಲ್ಲಿಯವರೆಗಿನ ಹನ್ನೊಂದು ವರ್ಷ ಮಕ್ಕಳು ಯಾವ ದೌರ್ಬಲ್ಯ ನೋಡಿ ಅವನನ್ನು ಕೊಂಡರು? ಮೊದಲ ಸಂಚಿಕೆಯಲ್ಲೇ ಅವನು ಹೆಂಡತಿಯನ್ನು ಹೊಡೆಯುವವನ ಕೈ ಹಿಡಿಯುತ್ತಾನೆ, ತಪ್ಪು ಮಾಡದ ಹೆಂಗಸಿಗೆ ಮರಣದಂಡನೆ ತಪ್ಪಿಸುತ್ತಾನೆ. ಆರ್ಥಿಕ ಕುಸಿತದಲ್ಲಿ ನಲುಗಿದ ಊರುಗಳಲ್ಲಿ ಮಾತು ನಡೆಯದವರ ಪರವಾಗಿ ಒಬ್ಬ ಬಂದ. ಅದು ಸಾಕಾಗಿತ್ತು.

ಕನ್ನಡದಲ್ಲಿ ಸಣ್ಣತನ ಎಂದರೆ ಬೈಗುಳ, ಸಣ್ಣವನಾಗಿರುವುದು ಬೇರೆ ಮಾತು. ನಾವು ಸಣ್ಣವರಾಗಿದ್ದೆವು. ಮನೆಯಲ್ಲಿ ದೊಡ್ಡವರ ಕೈ, ಸಾಲಿಯಲ್ಲಿ ಮಾಸ್ತರರ ಬಡಿಗೆ, ಬಸ್ಸಿನಲ್ಲಿ ಕಂಡಕ್ಟರರ ಗದರಿಕೆ. ಇಡೀ ಕಾಡಿನಲ್ಲಿ ಎಲ್ಲರಿಗಿಂತ ಸಣ್ಣದಾದ ಪ್ರಾಣಿ ಕರೆದವರ ನೆರವಿಗೆ ಬಂದು ನಿಲ್ಲುತ್ತದೆ ಎಂಬುದರಲ್ಲೇ ನಮ್ಮ ಸುಖವೆಲ್ಲ ಇತ್ತು. ವೀರನಿಗೂ ದುಃಖವಿರಲಿ ಎಂದು ಬಯಸುವುದು ಹೊಟ್ಟೆ ತುಂಬಿದವರ ಆಸೆ. ಬರ ಕಂಡ ಊರಿನ ಹುಡುಗನಿಗೆ ದುಃಖವನ್ನು ಕಡ ತರುವ ಅಗತ್ಯ ಬೀಳುವುದಿಲ್ಲ.

ಇಲ್ಲಿ ‘ಅಮರ ಚಿತ್ರ ಕಥೆ’ಯವರು ಎದ್ದು ನಿಲ್ಲುತ್ತಾರೆ, ನನಗೆ ಗೊತ್ತು. ಅದರ ಬೀಜ ಬಿದ್ದದ್ದು ಬೆಂಗಳೂರಿನಲ್ಲಿ. ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಂ 1965ರಲ್ಲಿ ಕನ್ನಡದಲ್ಲೇ ಚಿತ್ರಕಥೆ ತರಲು ಹೊರಟದ್ದರಿಂದ ಅದು ಮೊಳೆಯಿತು. ಬೆಳೆಸಿದ ಅನಂತ ಪೈ ಕಾರ್ಕಳದವರು. ಹೆಮ್ಮೆ ಪಡೋಣ. ಆದರೆ ಅದು ದೊಡ್ಡವರು ಮಕ್ಕಳಿಗೆಂದು ಆರಿಸಿ ತಂದ ಓದು. ಬಹುಮಾನ ಕೊಡಲು ತಕ್ಕದ್ದು, ರಟ್ಟು ಹಾಕಿ ಕಪಾಟಿನಲ್ಲಿಡಲು ತಕ್ಕದ್ದು. ಅಲ್ಲಿನ ವೀರರು ಎಂಟನೆಯ ಪುಟಕ್ಕೇ ಫೋಟೊಕ್ಕೆ ನಿಂತವರಂತೆ ಕಾಣುತ್ತಾರೆ. ನಾನು ಅನ್ಯಾಯವಾಗಿ ಮಾತಾಡುತ್ತಿದ್ದೇನೆಂದು ಗೆಳೆಯರು ಹೇಳುತ್ತಾರೆ. ಇರಬಹುದು. ಆದರೆ ಕೈಯಿಂದ ಕೈಗೆ ದಾಟಿ ಹರಿದುಹೋದ ಪುಸ್ತಕ ಯಾವುದು, ಕಪಾಟಿನಲ್ಲಿ ಉಳಿದದ್ದು ಯಾವುದು ಎಂದು ಅವರೇ ನೆನಪಿಸಿಕೊಳ್ಳಲಿ.

ಇನ್ನು ಕೊನೆಯ ಅಸ್ತ್ರ: ಡಿಂಗ ನಮ್ಮವನಲ್ಲ. ನಿಜ. ಅವನು 1983ರಲ್ಲಿ ಮಲಯಾಳದ ‘ಬಾಲಮಂಗಳಂ’ನಲ್ಲಿ ಡಿಂಕನ್ ಎಂಬ ಹೆಸರಲ್ಲಿ ಹುಟ್ಟಿದವನು. 2008ರ ಹೊತ್ತಿಗೆ ಕೇರಳದ ವಿಚಾರವಾದಿ ಯುವಕರು ಅವನನ್ನೇ ದೇವರೆಂದು ಸಾರಿ, ಡಿಂಕನ ಮತವನ್ನೇ ಕಟ್ಟಿ, ಧರ್ಮಾಂಧತೆಯನ್ನು ಗೇಲಿ ಮಾಡಿದರು. ಅಲ್ಲಿ ಒಂದು ಇಲಿ ಸಾರ್ವಜನಿಕ ಚರ್ಚೆಯಾಯಿತು. ಇಲ್ಲಿ ಬಾಲ್ಯದ ಹಳಹಳಿಕೆಯಾಗಿ ಉಳಿಯಿತು. ನಮ್ಮ ವಿಮರ್ಶೆಗೆ ‘ಮೂಲ’ದ ಹುಚ್ಚು ಹಿಡಿದು ಎಷ್ಟೋ ಕಾಲವಾಯಿತು. ಅದೇ ಹುಚ್ಚು ಸಿನಿಮಾದಲ್ಲಿ ಡಬ್ಬಿಂಗ್ ವಿರೋಧವಾಗಿ ದಶಕಗಟ್ಟಲೆ ಕೂತಿತ್ತು, 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪೆಂದು ಹೇಳುವವರೆಗೆ. ಅಷ್ಟರಲ್ಲಿ ನಮ್ಮ ಮಕ್ಕಳು ‘ಶಕ್ತಿಮಾನ್’ನನ್ನು ಹಿಂದಿಯಲ್ಲೇ ನೋಡಿ, ಅರ್ಧ ತಿಳಿದು, ಇನ್ನರ್ಧವನ್ನು ತಾವೇ ಕಟ್ಟಿಕೊಂಡು ಬೆಳೆದರು. ಕನ್ನಡವನ್ನು ಕಾಪಾಡುತ್ತೇವೆಂದು ಹೊರಟವರು ಹಾರುವವನ ಬಾಯಿಂದ ಕನ್ನಡ ಕೇಳುವ ಸುಖವನ್ನು ಮಕ್ಕಳಿಂದ ಕಸಿದರು. ಆ ಸುಖವನ್ನು ಸದ್ದಿಲ್ಲದೆ ಕೊಟ್ಟದ್ದು ಅಗ್ಗದ ಕಾಗದದ ‘ಬಾಲಮಂಗಳ’.

ಮೂಲ ಕೇಳುವವರು ಒಮ್ಮೆ ನಮ್ಮ ಕಡೆಯ ದೊಡ್ಡಾಟ ನೋಡಬೇಕು. ಭುಜಕೀರ್ತಿ, ಎದೆಕಟ್ಟು, ನೆತ್ತಿಗಿಂತ ಎತ್ತರದ ಕಿರೀಟ ತೊಟ್ಟು ಭೀಮ ರಂಗಕ್ಕೆ ಹಾರಿ ಬರುತ್ತಾನೆ. ಹಲಗೆ ಮುರಿಯುವಂತೆ ಕುಣಿಯುತ್ತಾನೆ. ಅವನಲ್ಲೂ ಕೊರತೆಯಿಲ್ಲ, ಸಂಕೋಚವಿಲ್ಲ. ಆದರೆ ಕಿರೀಟದ ಕೆಳಗಿನ ಮುಖ ಊರಿಗೆಲ್ಲ ಗೊತ್ತು. ನಾಳೆ ಹೊತ್ತೇರುವಾಗ ಆ ಭೀಮ ಎತ್ತು ಹೊಡಕೊಂಡು ಹೊಲಕ್ಕೆ ಹೋಗುವವನು. ಗುಟ್ಟಿನ ಗುರುತು ಎಂದು ಅಮೆರಿಕದವರು ಕಾಪಾಡುವುದನ್ನು ನಾವು ಕಟ್ಟೆಯ ಮೇಲೆ ಬಿಚ್ಚಿಟ್ಟು ನಕ್ಕವರು. ಅವನು ನಮ್ಮವನಾಗಲು ಅಳಬೇಕಾಗಿರಲಿಲ್ಲ.

ಅಲ್ಲಿ ಇನ್ನೊಂದು ಪದ್ಧತಿ ಇದೆ. ಎಂಥ ವೀರನೇ ಬರಲಿ, ಸಾರಥಿ ಅಡ್ಡ ನಿಂತು ನೀವು ಯಾರು, ಎಲ್ಲಿಂದ ಬಂದಿರಿ, ಹೆಸರೇನು ಎಂದು ಕೇಳುತ್ತಾನೆ. ಹಸ್ತಿನಾವತಿಯಿಂದ ಬಂದವನೂ ಲಂಕೆಯಿಂದ ಬಂದವನೂ ಆ ಕಟ್ಟೆಯ ಮೇಲೆ ನಿಂತು ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಮೂಲ ಯಾವುದೆಂದು ಸಾರಥಿ ಮತ್ತೆ ಕೆದಕುವುದಿಲ್ಲ, ಹಿಮ್ಮೇಳಕ್ಕೆ ಕೈಸನ್ನೆ ಮಾಡುತ್ತಾನೆ, ಆಟ ಮುಂದುವರಿಯುತ್ತದೆ. ನಮ್ಮ ಡಿಂಗ ಆ ಪರೀಕ್ಷೆಯನ್ನು ರಾಜೂರಿನ ಓಣಿಯಲ್ಲಿ ಎಂದೋ ಪಾಸು ಮಾಡಿದ್ದಾನೆ. ಗೋಷ್ಠಿಯ ಸಾರಥಿಗಳು ಮಾತ್ರ ಇನ್ನೂ ಪ್ರಶ್ನೆಯಲ್ಲೇ ನಿಂತಿದ್ದಾರೆ.